ವಿನೋದಶೀಲರು

ಉಡುಪಿಯ ರಥಬೀದಿಯ ಹೋಟೆಲಿನಲ್ಲಾಗಲಿ, ಕಾಪುವಿನ ಮದುವೆಯ ಚಪ್ಪರದಲ್ಲಾಗಲಿ, ಕಾರ್ಕಳದ ಬಸ್ಸಿನ ಹಿಂಬದಿಯ ಆಸನದಲ್ಲಾಗಲಿ, ನಾಲ್ವರು ಕೂಡಿದೆಡೆಯಲ್ಲಿ ಐದನೆಯವರಾಗಿ ಅವತರಿಸುವ ಮಹನೀಯರೊಬ್ಬರುಂಟು. ಅವರನ್ನು ವಿನೋದಶೀಲರೆಂದು ಕರೆದರೆ ಅವರಿಗೂ ಸಂತೋಷ, ನಮಗೂ ಕ್ಷೇಮ. ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡಗಳು ಒಂದೇ ಅಂಗಡಿಯ ಜಗಲಿಯಲ್ಲಿ ಸಂಧಿಸುವ ಸೀಮೆಯಲ್ಲಿ ಜನಿಸಿದ ಸುಕೃತದಿಂದ, ಕೊಂಕಣಿಗರ ಕನ್ನಡದ ಲಿಂಗವ್ಯತ್ಯಯವನ್ನೂ, ಬ್ಯಾರಿಗಳ ತುಳುವಿನ ಏರಿಳಿತವನ್ನೂ, ಶಿವಳ್ಳಿಯವರ ರಾಗವನ್ನೂ, ಕುಂದಾಪುರದವರ ‘ಹ್ವಾಯ್’ ಎಂಬ ಸಂಬೋಧನೆಯನ್ನೂ ಅವರು ಕರಗತ ಮಾಡಿಕೊಂಡಿರುವರು.

ಆದರೆ ಈ ಕಲೆಯಲ್ಲಿ ಕಂಠಕ್ಕಿಂತ ಕಣ್ಣಿನ ಪಾಲೇ ದೊಡ್ಡದು. ಕತೆಗೆ ತೊಡಗುವ ಮುನ್ನ ಅವರು ಸುತ್ತಲೂ ಒಮ್ಮೆ ದೃಷ್ಟಿ ಹರಿಸಿ, ಯಾರ ಮೈಯಲ್ಲಿ ಜನಿವಾರ, ಯಾರ ಕೊರಳಲ್ಲಿ ಶಿಲುಬೆ, ಯಾರ ತಲೆಯಲ್ಲಿ ಟೊಪ್ಪಿ ಎಂಬುದನ್ನು ಗಣಿಸಿ, ಸಭೆಯಲ್ಲಿಲ್ಲದ ಸಮಾಜವೊಂದನ್ನು ಆರಿಸಿಕೊಳ್ಳುವರು. ಗಣಿತ ತಪ್ಪಿ ಆ ಸಮಾಜದವರೊಬ್ಬರು ಮೂಲೆಯಿಂದೆದ್ದರೆ, “ನನ್ನ ಸ್ನೇಹಿತರೆಲ್ಲ ನಿಮ್ಮವರೇ ಮಾರಾಯ್ರೆ, ಪ್ರೀತಿಯಿಂದ ಹೇಳಿದ್ದು!” ಎಂಬ ಸಮಾಧಾನವು ಸಿದ್ಧವಾಗಿಯೇ ಇರುವುದು. ಸ್ವಜಾತಿಯ ಕತೆಗಳೂ ಅವರಲ್ಲಿ ಹೇರಳ; ಅವು ಮಾತ್ರ ಮನೆಯ ಹೊಸ್ತಿಲನ್ನು ದಾಟವು.

ಮಣಿಪಾಲದಲ್ಲಿ ಓದುವ ಮಗನ ಉತ್ತರದೇಶದ ಸಹಪಾಠಿಯೊಬ್ಬನು ಒಮ್ಮೆ ಊಟಕ್ಕೆ ಬಂದು, ವಿನೋದಶೀಲರು ಹಿಂದಿಯನ್ನಾಡುವ ಬಗೆಯನ್ನು ಅವರೆದುರಿಗೇ ಅನುಕರಿಸಿ ತೋರಿಸಲು, ಪಾಯಸವು ಎಲೆಯಲ್ಲಿಯೇ ಉಳಿಯಿತು. 1927ರಲ್ಲಿ ದಂಡಸಂಹಿತೆಗೆ ಸೇರಿದ 295ಎ ಕಲಮು ಧರ್ಮಭಾವನೆಗಳ ರಕ್ಷಣೆಗೇ ಹೊರತು ಹಿಂದಿಯ ಉಚ್ಚಾರಣೆಯ ರಕ್ಷಣೆಗಲ್ಲವೆಂದು ಪರಿಚಯದ ವಕೀಲರು ಮರುದಿನ ತಿಳಿಹೇಳಬೇಕಾಯಿತು.

ಗತಕಾಲವನ್ನು ನೆನೆದಾಗಲಂತೂ ಅವರ ಕಂಠವು ಗದ್ಗದಿತವಾಗುವುದು: ಅಷ್ಟಮಿಗೆ ಮೈಗೆಲ್ಲ ಮಸಿ ಬಳಿದು ಕೊರಗ ವೇಷ ಕಟ್ಟಿ ಕುಣಿಯುತ್ತಿದ್ದ ಮೋಜು ಹೋಯಿತಲ್ಲಾ! ಕೊರಗರನ್ನು ಮನುಷ್ಯರಿಗಿಂತ ಕೀಳಾಗಿ ಕಂಡ ಅಜಲು ಪದ್ಧತಿಯನ್ನು ತಡೆಯಲು 2000ದಲ್ಲಿ ಶಾಸನವೇ ಬೇಕಾಯಿತೆಂಬುದಾಗಲಿ, ಆ ವೇಷವನ್ನು ಕಂಡು ನಗದೆ ನಿಂತವರು ಯಾರೆಂಬುದಾಗಲಿ ಅವರ ವಿನೋದಬುದ್ಧಿಗೆ ಗೋಚರಿಸದು.

ಯಕ್ಷಗಾನದ ಹಾಸ್ಯಗಾರನೂ ದೂತನಾಗಿ ಬಂದು ಅರಸನನ್ನು ಗೇಲಿಮಾಡುವನು. ಆದರೆ ಅರಸನು ಅದೇ ರಂಗಸ್ಥಳದಲ್ಲಿ ಮರುಮಾತಿಗೆ ಸನ್ನದ್ಧನಾಗಿ ನಿಂತಿರುವನು. ಕಾರ್ಕಳದ ಕಡೆಯ ನಂದಳಿಕೆಯಲ್ಲಿ 1870ರಲ್ಲಿ ಜನಿಸಿ ಉಡುಪಿಯಲ್ಲಿ ಉಪಾಧ್ಯಾಯನಾಗಿದ್ದ ಮುದ್ದಣ ಕವಿಯು ‘ಶ್ರೀರಾಮಾಶ್ವಮೇಧ’ದಲ್ಲಿ ಮನೋರಮೆಯನ್ನು ಛೇಡಿಸಿದರೆ, ಮನೋರಮೆಯು ಬಡ್ಡಿಸಹಿತವಾಗಿ ಹಿಂದಿರುಗಿಸುವಳು. ಎದುರಾಡಬಲ್ಲವರನ್ನು ಎದುರಿಗಿರಿಸಿಕೊಂಡು ಆಡಿದುದು ವಿನೋದ. ಅಲ್ಲಿಲ್ಲದವರನ್ನು, ಇದ್ದೂ ಬಾಯ್ದೆರೆಯಲಾರದವರನ್ನು ಕುರಿತು ಆಡಿದುದು ಹೇಡಿತನ. ಈ ಭೇದವು ವಿನೋದಶೀಲರಿಗೆ ತಿಳಿಯದೆಂದು ನಾನು ನಂಬೆನು. ತಿಳಿಯದವರು ಬಾಯ್ದೆರೆಯುವ ಮುನ್ನ ಸುತ್ತಲೂ ನೋಡುವುದಿಲ್ಲ.