ದೂರದೇಶ ಪ್ರಯಾಣ ಸಿದ್ಧತಾ ಲಕ್ಷಣ: ಮೋಕದ ಪಾಠ

ಲಕ್ಷಣಗ್ರಂಥ ಬರೆಯುವವನು ಮೊದಲು ವಸ್ತು ಯಾವುದೆಂದು ಹೇಳಿ, ಆಮೇಲೆ ಅದರ ಭೇದಗಳಿಗೆ ಕೈಹಾಕಬೇಕು ಎಂಬುದು ಹಿರಿಯರ ಪದ್ಧತಿ. ನಮ್ಮ ವಸ್ತು ದೂರದೇಶ. ಅದು ಯಾವುದು? ಆಂಧ್ರವಂತೂ ಅಲ್ಲ. ನಮ್ಮೂರಾದ ಮೋಕದವನು ಬಳ್ಳಾರಿಗೆ ಬಂದು ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಗುಂತಕಲ್ಲಿನ ಮೇಲೆ ಬೆಂಗಳೂರು. ಕಾರು ಮಾಡಿಕೊಂಡರೆ ಅನಂತಪುರದ ಮೇಲೆ ದೇವನಹಳ್ಳಿ. ಎರಡು ದಾರಿಯಲ್ಲೂ ಕರ್ನಾಟಕದಿಂದ ಕರ್ನಾಟಕಕ್ಕೆ ಹೋಗಲು ಆಂಧ್ರ ದಾಟಬೇಕು, ಯಾರೂ ಒಂದು ಚೀಟಿ ಕೇಳುವುದಿಲ್ಲ. ನಮ್ಮ ಅಜ್ಜಂದಿರು ಇನ್ನೂ ಗಟ್ಟಿಗರು. 1953ರ ಅಕ್ಟೋಬರ್ 1ರಂದು ಕಟ್ಟೆಯ ಮೇಲೆ ಕೂತಲ್ಲಿಂದ ಏಳದೆಯೇ ಮದ್ರಾಸ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದರು. ಆದ್ದರಿಂದ ಬರೀ ಗಡಿ ದಾಟುವುದು ದೂರವಲ್ಲ. ಯಾವ ಗಡಿಯಲ್ಲಿ ‘ನೀನು ಯಾರು?’ ಎಂದು ಕೇಳಿ, ಬಾಯಿಮಾತಿನ ಉತ್ತರವನ್ನು ಒಪ್ಪುವುದಿಲ್ಲವೋ ಅದರ ಆಚೆಗಿರುವುದೇ ದೂರದೇಶ.

ಅಲ್ಲಿಗೆ ಸುಮ್ಮನೆ ನೋಡಿಬರಲು ಹೊರಟವನ ಸಿದ್ಧತೆ ನಾಲ್ಕು ಬಗೆ: ಕಾಗದದ್ದು, ಬುತ್ತಿಯದು, ಮೈಯದು, ನೆಂಟರದು. ದುಡ್ಡಿನದನ್ನು ಐದನೆಯದಾಗಿ ಸೇರಿಸಬೇಕೆಂಬ ಮತವೂ ಉಂಟು. ಆದರೆ ದುಡ್ಡು ಸಿದ್ಧತೆಯಲ್ಲ, ಉಳಿದ ನಾಲ್ಕಕ್ಕೆ ಕಾರಣ. ಅದನ್ನು ಬಿಟ್ಟಿದ್ದೇನೆ.

ಕಾಗದದಲ್ಲಿ ಮೂರು ದೋಷ: ನಾಮದೋಷ, ತಿಥಿದೋಷ, ಸ್ಥಳದೋಷ.

ನಾಮದೋಷವನ್ನು ಎರ್ರಿಸ್ವಾಮಿ ಎಂಬ ಹೆಸರಿನಿಂದ ತಿಳಿಯಬೇಕು. ಚೇಳ್ಳಗುರ್ಕಿಯ ಸಂತ ಎರ್ರಿತಾತನ ಕೃಪೆಯಿಂದ ನಮ್ಮ ಕಡೆ ಈ ಹೆಸರಿಗೆ ಬರವಿಲ್ಲ. ಕನ್ನಡದಲ್ಲಿ ಬರೆದಷ್ಟು ದಿನ ಅದು ಒಂದೇ ಹೆಸರು. ಇಂಗ್ಲಿಷಿಗೆ ಇಳಿದ ಕೂಡಲೇ ಶಾಲೆಯ ದಾಖಲೆಯಲ್ಲಿ ಇ ಅಕ್ಷರದಿಂದ, ಆಧಾರ್‌ನಲ್ಲಿ ವೈ ಅಕ್ಷರದಿಂದ, ಪಾನ್ ಕಾರ್ಡಿನಲ್ಲಿ ವೈ ಜೊತೆ ಎ ಸೇರಿಕೊಂಡು ಮೂವರು ಎರ್ರಿಸ್ವಾಮಿಗಳು ಹುಟ್ಟುತ್ತಾರೆ. ಮೂವರದೂ ಮುಖ ಒಂದೇ, ಊರು ಒಂದೇ, ಹೆಂಡತಿಯೂ ಒಬ್ಬಳೇ. ವಿಮಾನ ಹತ್ತುವುದು ಒಬ್ಬನೇ. ಇನ್ನು ಇನಿಶಿಯಲ್‌ನ ವಿಚಾರ. ನಮ್ಮಲ್ಲಿ ಹೆಸರಿನ ಮುಂದೆ ಊರಿನದೋ ಅಪ್ಪನದೋ ಮನೆತನದೋ ಒಂದು ಅಕ್ಷರ ಚುಕ್ಕೆ ಹಾಕಿಕೊಂಡು ನಿಲ್ಲುತ್ತದೆ. ಪಾಸ್‌ಪೋರ್ಟ್ ಕೇಳುವುದು ಎರಡು ಕಲಂ: ಕೊಟ್ಟ ಹೆಸರು, ಕುಲನಾಮ. ಒಂದೇ ಪದದ ಹೆಸರು ಬರೆದು ಎರಡನೆಯದನ್ನು ಖಾಲಿ ಬಿಟ್ಟವರಿಗೆ 2022ರ ನವೆಂಬರ್ 21ರಿಂದ ದುಬೈ, ಅಬುಧಾಬಿ ಇರುವ ಸಂಯುಕ್ತ ಅರಬ್ ಸಂಸ್ಥಾನವು ಪ್ರವಾಸಿ ವೀಸಾ ಮೇಲೆ ಬಾಗಿಲು ಹಾಕಿತು. ಒಂದೇ ಹೆಸರಿನಲ್ಲಿ ಬಾಳಿದ ಮನುಷ್ಯ ಅಲ್ಲಿಗೆ ಅರ್ಧ ಮನುಷ್ಯ.

ಇಲ್ಲೊಂದು ಅಧಿಕಪ್ರಸಂಗ. ನಮ್ಮ ಊರ ಹೊಳೆಗೂ ನಕ್ಷೆಯಲ್ಲಿ ವೇದಾವತಿ, ಬಾಯಲ್ಲಿ ಹಗರಿ ಎಂದು ಎರಡು ಹೆಸರು. ಸಿರುಗುಪ್ಪದ ಕಡೆ ಹೋಗಿ ತುಂಗಭದ್ರೆ ಸೇರುವಾಗ ಇದುವರೆಗೆ ಯಾರೂ ಅದರಿಂದ ಅಫಿಡವಿಟ್ ಕೇಳಿಲ್ಲ.

ತಿಥಿದೋಷ ಎಂದರೆ ಜೂನ್ 1. ಮಗುವನ್ನು ಶಾಲೆಗೆ ಸೇರಿಸುವ ದಿನ ಮಾಸ್ತರು ವಯಸ್ಸಿಗೆ ಸರಿಹೊಂದುವಂತೆ ಬರೆದುಕೊಂಡ ಹುಟ್ಟುಹಬ್ಬ ಅದು. ನಮ್ಮ ಮನೆಯಲ್ಲಿ ಭಾವ, ಭಾವನ ತಮ್ಮ, ಅತ್ತಿಗೆ ಮೂವರೂ ಜೂನ್ 1ರವರು. ಅವ್ವನ ಲೆಕ್ಕದಲ್ಲಿ ಭಾವ ಹುಟ್ಟಿದ್ದು ಶೀಗಿ ಹುಣ್ಣಿಮೆಯ ಮಾರನೆಯ ದಿನ. ಈ ದೋಷಕ್ಕೆ ಪರಿಹಾರ ಬೇಕಿಲ್ಲ. ಸುಳ್ಳಾದರೂ ಎಲ್ಲ ಕಾಗದದಲ್ಲೂ ಒಂದೇ ಸುಳ್ಳಿದ್ದರೆ ಅದೇ ಪ್ರಮಾಣ.

ಸ್ಥಳದೋಷ ಸರ್ಕಾರವೇ ದಯಪಾಲಿಸಿದ್ದು. 2014ರ ನವೆಂಬರ್ 1ರಂದು ಇಂಗ್ಲಿಷಿನ ಬೆಳ್ಳಾರಿ ಬಳ್ಳಾರಿಯಾಯಿತು. ನಮಗದು ಮೊದಲಿನಿಂದಲೂ ಬಳ್ಳಾರಿಯೇ. ಆದರೆ ಹಳೆಯ ಪಾಸ್‌ಪೋರ್ಟಿನಲ್ಲಿ ಹುಟ್ಟೂರು ಒಂದು ಬಗೆ, ಹೊಸ ಆಧಾರ್‌ನಲ್ಲಿ ವಿಳಾಸ ಇನ್ನೊಂದು ಬಗೆ. ವೀಸಾ ಅರ್ಜಿ ತುಂಬುವಾಗ ಊರಿನ ಅಭಿಮಾನ ಬದಿಗಿಟ್ಟು ಪಾಸ್‌ಪೋರ್ಟಿನಲ್ಲಿ ಇದ್ದದ್ದನ್ನು ಇದ್ದಂತೆ ನಕಲು ಮಾಡಬೇಕು.

ನಮ್ಮೊಡನೆ ಭಾವ ಸ್ವಿಟ್ಜರ್ಲೆಂಡಿಗೆ ಹೊರಟಾಗ ನಾಲ್ಕನೆಯ ದೋಷವೊಂದು ಎದ್ದಿತು. ಷೆಂಗನ್ ವೀಸಾಕ್ಕೆ ಆದಾಯ ತೆರಿಗೆಯ ಕಾಗದ ಕೇಳುತ್ತಾರೆ. ಭತ್ತ, ಮೆಣಸಿನಕಾಯಿ ಬೆಳೆಯುವವನ ಬೇಸಾಯದ ಆದಾಯಕ್ಕೆ ತೆರಿಗೆಯಿಲ್ಲ, ಹಾಗಾಗಿ ಕಾಗದವೂ ಇಲ್ಲ. ಪಹಣಿಯನ್ನು ಇಂಗ್ಲಿಷಿಗೆ ಮಾಡಿಸಿ, ಬ್ಯಾಂಕಿನ ಲೆಕ್ಕ, ದಲಾಲಿ ಅಂಗಡಿಯ ಪಟ್ಟಿ ಜೊತೆಗಿಟ್ಟು, ‘ಈ ಮನುಷ್ಯ ಹೊಲ ಬಿಟ್ಟು ಅಲ್ಲೇ ಉಳಿಯುವವನಲ್ಲ’ ಎಂದು ಎರೆಮಣ್ಣಿನಿಂದಲೇ ಸಾಕ್ಷಿ ಹೇಳಿಸಬೇಕಾಯಿತು. ಮೂವತ್ತು ಸಾವಿರ ಯೂರೋ ವೈದ್ಯಕೀಯ ವಿಮೆಯೂ ಕಡ್ಡಾಯ. ಅದು ನಮ್ಮ ಹಣದಲ್ಲಿ ಎಷ್ಟೆಂದು ಕೇಳಿದ ಮೇಲೆ ಅಕ್ಕ, ಭಾವ ಊರಿಗಿಂತ ಅಲ್ಲೇ ಜಾರಿ ಬೀಳುವುದು ವಾಸಿ ಎಂದಳು.

ಇನ್ನು ಬುತ್ತಿ. ಈ ಅಧ್ಯಾಯದಲ್ಲಿ ಪಂಡಿತರು ಹೆಂಗಸರೇ, ನಾನು ವ್ಯಾಖ್ಯಾನಕಾರ ಮಾತ್ರ. ಜೋಳದ ಖಡಕ್ ರೊಟ್ಟಿ, ಶೇಂಗಾ ಪುಡಿ, ಗುರೆಳ್ಳು ಪುಡಿ ನಿರ್ದೋಷ. ದೋಷವುಳ್ಳವು ಮೂರು. ಅಗ್ನಿದೋಷ ಒಣಕೊಬ್ಬರಿಯದು. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸಂಖ್ಯೆಯುಂಟು. ವರ್ಗ 4.2, ಎಂದರೆ ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತು. ಎಣ್ಣೆಯಂಶ ಗಾಳಿಗೆ ಬಿಸಿಯೇರುತ್ತದೆಂಬುದು ಕಾರಣ. ದೇವರ ಮುಂದೆ ಇಡುವ ಗಿಟುಕನ್ನು ಕೈಚೀಲದಲ್ಲೂ ಒಯ್ಯುವಂತಿಲ್ಲ, ವಿಮಾನದ ಹೊಟ್ಟೆಗೆ ಹಾಕುವ ಪೆಟ್ಟಿಗೆಯಲ್ಲೂ ಇಡುವಂತಿಲ್ಲ. ಕೀಟದೋಷ ಹಸಿ ಕರಿಬೇವಿನದು. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಒಂದು ಸಣ್ಣ ಕೀಟ ಕರಿಬೇವಿನ ಮೇಲೂ ಬದುಕುವುದರಿಂದ ಅಮೆರಿಕ ಅದನ್ನು ಒಳಗೆ ಬಿಡುವುದಿಲ್ಲ. ಮದದೋಷ ಗಸಗಸೆಯದು. ಹಬ್ಬದ ಪಾಯಸದ ಗಸಗಸೆ ಕೊಲ್ಲಿಯ ದೇಶಗಳಲ್ಲಿ ಅಫೀಮಿನ ಬಂಧು ಎಂದು ಲೆಕ್ಕ, ಅದನ್ನು ಇಟ್ಟುಕೊಂಡು ಸಿಕ್ಕವನ ಸ್ಥಿತಿ ವಿವರಿಸುವುದು ಬೇಡ.

ಉಪ್ಪಿನಕಾಯಿಯ ಬಗ್ಗೆ ವಾದವಿದೆ. ಪೂರ್ವಪಕ್ಷ: ಮಾವಿನಹೋಳು ಗಟ್ಟಿ, ಅದನ್ನು ಹಲ್ಲಿನಿಂದ ಕಡಿಯುತ್ತೇವೆ, ಆದ್ದರಿಂದ ಉಪ್ಪಿನಕಾಯಿ ಘನ. ಸಿದ್ಧಾಂತ: ಹೋಳು ತೇಲುತ್ತಿರುವುದು ಎಣ್ಣೆಯಲ್ಲಿ, ಕೈಚೀಲದಲ್ಲಿ ದ್ರವಕ್ಕೆ ನೂರು ಮಿಲಿಲೀಟರಿನ ಮಿತಿ, ಆದ್ದರಿಂದ ದ್ರವ. ಈ ತರ್ಕವನ್ನು ನನಗೆ ಬೋಧಿಸಿದ್ದು ಕೈಗವಸು ಹಾಕಿದ ಒಬ್ಬ ಹುಡುಗಿ. ಬೋಧನೆ ಮುಗಿಯುವಷ್ಟರಲ್ಲಿ ಡಬ್ಬಿ ತೊಟ್ಟಿಯಲ್ಲಿತ್ತು.

ಮೈಯ ಸಿದ್ಧತೆಗೆ ಬಹಳ ಹೇಳುವುದಿಲ್ಲ. ಬಳ್ಳಾರಿ ಸೀಮೆಯಲ್ಲಿ ಇರುವುದು ಬೇಸಿಗೆ, ಕಡುಬೇಸಿಗೆ ಎರಡೇ ಕಾಲ ಎನ್ನುತ್ತಾರೆ, ಆದ್ದರಿಂದ ಸ್ವೆಟರ್ ಸಾಲದ್ದೇ ಆಗಿರುತ್ತದೆ. ಗುಳಿಗೆಗಳನ್ನು ಚೀಟಿ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಿ. ಪವರ್ ಬ್ಯಾಂಕೂ ಅಲ್ಲೇ, ದೊಡ್ಡ ಪೆಟ್ಟಿಗೆಗೆ ಹಾಕಬಾರದು. ಆಫ್ರಿಕದ ಕೆಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಹತ್ತು ದಿನ ಮೊದಲೇ ಆಗಿರಬೇಕು.

ನೆಂಟರದು ಕಡೆಯದಾದರೂ ತೂಕದಲ್ಲಿ ಮೊದಲನೆಯದು. ಸುದ್ದಿ ಹಬ್ಬಿದ ಮೂರನೆಯ ದಿನ ‘ಏನಿಲ್ಲ ತಮ್ಮಾ, ನಮ್ ಹುಡುಗಗ ಒಂದು ಸಣ್ಣ ಪಾಕೀಟು’ ಎನ್ನುತ್ತ ಬರುತ್ತಾರೆ. ಹುಡುಗ ಇರುವುದು ಜರ್ಮನಿಯಲ್ಲಿ, ನಾವು ಹೋಗುವುದು ಸ್ವಿಟ್ಜರ್ಲೆಂಡಿಗೆ. ‘ಅಲ್ಲೇ ಬಾಜೂಕ ಐತಂತಲ್ಲ’ ಎಂಬುದು ಅವರ ಭೂಗೋಳ, ಅದು ತಪ್ಪೂ ಅಲ್ಲ. ಒಬ್ಬರಿಗೆ ಬಿಡುವುದು ಇಪ್ಪತ್ತಮೂರು ಕಿಲೋ. ದಲಾಲಿ ಅಂಗಡಿಯಲ್ಲಿ ಕಾಟಾ ಹಾಕಿಸಿದಾಗ ಅಕ್ಕನ ಪೆಟ್ಟಿಗೆ ಮೂವತ್ತೊಂದು ತೂಗಿತು, ಅದರಲ್ಲಿ ಅಕ್ಕನದು ಹನ್ನೆರಡು. ‘ಈ ಪೆಟ್ಟಿಗೆ ನೀವೇ ತುಂಬಿದ್ದಾ?’ ಎಂದು ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ. ಆದ್ದರಿಂದ ಹೊಲಿದು ತಂದ ಪಾಕೀಟನ್ನು ತಂದವರ ಮುಂದೆಯೇ ಬಿಚ್ಚಿ ನೋಡಬೇಕು. ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ನಾವು ಬಿಚ್ಚಿದಾಗ ಸಿಕ್ಕಿದ್ದು ಕೊಬ್ಬರಿ.

ಕಡೆಗೆ ಓದುಗರಲ್ಲಿ ಒಂದು ಬಿನ್ನಹ. ಪಾಸ್‌ಪೋರ್ಟಿನ ಆಯುಸ್ಸು ಹತ್ತು ವರ್ಷ ಎಂದು ಬರೆದಿರುತ್ತದೆ. ಆದರೆ ಆರು ತಿಂಗಳಾದರೂ ಬಾಕಿ ಇರಬೇಕೆಂದು ಬಹಳ ದೇಶಗಳು ಕೇಳುವುದರಿಂದ ಅದು ಒಂಬತ್ತೂವರೆಯೇ. ಟ್ರಂಕಿನಲ್ಲಿ ಸೀರೆಗಳ ಕೆಳಗಿಟ್ಟ ನಿಮ್ಮದನ್ನು ಇವತ್ತೇ ತೆಗೆದು ತಾರೀಖು ನೋಡಿ, ಹೆಸರನ್ನೂ ಒಮ್ಮೆ ಅಕ್ಷರ ಅಕ್ಷರ ಓದಿ.