ವಿಜ್ಞಾನವಿಲ್ಲದ ಪರೀಕ್ಷೆಗೊಂದು ಅಭಿನಂದನಾ ಪತ್ರ

ಗೆ,
ನ್ಯೂಯಾರ್ಕ್ ರಾಜ್ಯ ಶಾಸಕಾಂಗದ ಗೌರವಾನ್ವಿತ ಸದಸ್ಯರು,
ಆಲ್ಬನಿ

ವಿಷಯ: ಬ್ರಾಂಕ್ಸ್ ವಿಜ್ಞಾನ ಪ್ರೌಢಶಾಲೆಯ ಪ್ರವೇಶದ್ವಾರದಿಂದ ವಿಜ್ಞಾನವನ್ನು ಯಶಸ್ವಿಯಾಗಿ ದೂರವಿಟ್ಟಿರುವ ಬಗ್ಗೆ.

ಮಾನ್ಯರೇ,

1938ರಲ್ಲಿ ಮಾರಿಸ್ ಮೈಸ್ಟರ್ ಅವರ ಮುಖ್ಯೋಪಾಧ್ಯಾಯತ್ವದಲ್ಲಿ ಆರಂಭವಾಗಿ, 1946ರಿಂದ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದ ಈ ಸರ್ಕಾರಿ ಶಾಲೆ ಬೋಧನಾ ಶುಲ್ಕವಿಲ್ಲದೆ ವಿಜ್ಞಾನ ಕಲಿಸುತ್ತದೆಂಬುದು ಸರ್ವವಿದಿತ. ಅಲ್ಲಿ ಯಾರು ಕಲಿಯಬೇಕೆಂಬುದನ್ನು ಶಿಕ್ಷಕರ ವಿವೇಚನೆಗೆ ಬಿಡದೆ, 1971ರಲ್ಲಿ ಶಾಸಕಾಂಗವೇ ತನ್ನ ಕೈಗೆತ್ತಿಕೊಂಡದ್ದು ಮಾತ್ರ ಸಾಕಷ್ಟು ಪ್ರಶಂಸೆ ಪಡೆದಿಲ್ಲ. ಮಂಡಿಸಿದ ಇಬ್ಬರು ಸದಸ್ಯರ ಹೆಸರಿನಿಂದ ಹೆಕ್ಟ್–ಕಲಾಂಡ್ರಾ ಕಾಯಿದೆ ಎಂದು ಕರೆಯಲ್ಪಡುವ ಆ ಶಾಸನವು, ಬ್ರಾಂಕ್ಸ್ ವಿಜ್ಞಾನ ಶಾಲೆಗೂ ಅದರ ಜೊತೆಯವಾದ ಸ್ಟೈವಸೆಂಟ್ ಮತ್ತು ಬ್ರೂಕ್ಲಿನ್ ಟೆಕ್ನಿಕಲ್ ಶಾಲೆಗಳಿಗೂ ಪ್ರವೇಶವನ್ನು ಒಂದೇ ಒಂದು ಸ್ಪರ್ಧಾತ್ಮಕ ಪರೀಕ್ಷೆಯ ಅಂಕದಿಂದ ಮಾತ್ರ ನಿರ್ಧರಿಸತಕ್ಕದ್ದೆಂದು ವಿಧಿಸಿತು. ಶಾಲೆಯ ಪ್ರಗತಿಪತ್ರ, ಶಿಕ್ಷಕರ ಅಭಿಪ್ರಾಯ, ಮಗು ಮಾಡಿದ ಪ್ರಯೋಗ, ಕೇಳಿದ ಪ್ರಶ್ನೆ ಇವೆಲ್ಲ ಅಲ್ಲಿಗೆ ಅಪ್ರಸ್ತುತವಾದವು.

ಎಂಟನೆಯ ತರಗತಿಯ ಮಕ್ಕಳು ಬರೆಯುವ ಈ ಪರೀಕ್ಷೆಯ ಸ್ವರೂಪವಂತೂ ಇನ್ನೂ ಅಭಿನಂದನೀಯ. 2017ರಿಂದ ಹಲವು ವರ್ಷ ಬಳಕೆಯಲ್ಲಿದ್ದ ಪ್ರಶ್ನೆಪತ್ರಿಕೆಯಲ್ಲಿ ಮೂರು ಗಂಟೆಗೆ 114 ಪ್ರಶ್ನೆಗಳಿದ್ದು, ಅವುಗಳಲ್ಲಿ 57 ಇಂಗ್ಲಿಷ್ ಭಾಷೆಗೂ ಉಳಿದ 57 ಗಣಿತಕ್ಕೂ ಮೀಸಲಾಗಿದ್ದವು. ವಿಜ್ಞಾನ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ವಿಜ್ಞಾನವಿಭಾಗವನ್ನೇ ಇಡದಿರುವ ಈ ಸಂಯಮ, ಸಂಗೀತಶಾಲೆಗೆ ಬಂದ ಮಗುವನ್ನು ಹಾಡಲು ಬಿಡದೆ ಅದರ ಅಕ್ಷರ ದುಂಡಗಿದೆಯೇ ಎಂದು ನೋಡಿ ಸೇರಿಸಿಕೊಳ್ಳುವಷ್ಟು ದೂರದೃಷ್ಟಿಯದು. ವಿಜ್ಞಾನದ ಬಗ್ಗೆ ಮೊದಲೇ ಕುತೂಹಲವಿರುವ ಮಕ್ಕಳಿಗೆ ಅನ್ಯಾಯದ ಅನುಕೂಲ ದೊರೆಯದಂತೆ ಇಷ್ಟು ಎಚ್ಚರ ವಹಿಸಿದ ಬೇರೊಂದು ಏರ್ಪಾಡು ಸಿಗುವುದು ಕಷ್ಟ.

ಇಲ್ಲಿ ಸಣ್ಣದೊಂದು ತಾಂತ್ರಿಕ ತೊಡಕನ್ನು ಸದಸ್ಯರ ಅವಗಾಹನೆಗೆ ತರಬೇಕಾಗಿದೆ. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಸಂಗತಿಗಳಲ್ಲಿ ಮಾಪನದೋಷವೂ ಒಂದು. ಅಂದರೆ ಒಂದೇ ವಸ್ತುವನ್ನು ಮತ್ತೆ ಮತ್ತೆ ಅಳೆದಾಗ ಫಲಿತಾಂಶಗಳಲ್ಲಿ ತಪ್ಪದೆ ಕಾಣಿಸುವ ಏರುಪೇರು. ಒಂದೇ ಸಲ ಅಳೆದು, ಬಂದ ಅಂಕಿಯನ್ನೇ ಸತ್ಯವೆಂದು ಬರೆದುಕೊಂಡ ವಿದ್ಯಾರ್ಥಿಯ ವರದಿಯನ್ನು ಯಾವ ಶಿಕ್ಷಕರೂ ಒಪ್ಪುವುದಿಲ್ಲ. ಆದರೆ ಆ ವಿದ್ಯಾರ್ಥಿ ಪ್ರಯೋಗಾಲಯದ ಬೆಂಚಿಗೆ ಬಂದು ಕುಳಿತದ್ದೇ ಹದಿಮೂರರ ಆಸುಪಾಸಿನ ವಯಸ್ಸಿನಲ್ಲಿ, ಒಂದು ದಿನದ ಮೂರು ಗಂಟೆಗಳಲ್ಲಿ ತೆಗೆದ ಒಂದೇ ಒಂದು ಅಳತೆಯ ಬಲದಿಂದ. ಕಟಾಫ್ ಗೆರೆಯ ಒಂದು ಅಂಕ ಮೇಲಿದ್ದವರು ಪ್ರತಿಭಾವಂತರೆಂದೂ ಒಂದು ಅಂಕ ಕೆಳಗಿದ್ದವರು ಅಲ್ಲವೆಂದೂ ಸಾರುವ ಇಂಥ ನಿಖರತೆ ಆ ಶಾಲೆಯ ಯಾವ ಉಪಕರಣಕ್ಕೂ ಸಾಧ್ಯವಾಗಿಲ್ಲ. ಗೆರೆಯ ಸ್ವಲ್ಪ ಕೆಳಗೆ ಉಳಿದ ಬಡಮಕ್ಕಳಿಗೆ ಬೇಸಿಗೆ ತರಗತಿಯ ಮೂಲಕ ಅವಕಾಶ ಕೊಡುವ ‘ಡಿಸ್ಕವರಿ’ ಎಂಬ ಏರ್ಪಾಡನ್ನು ಶಾಸನವೇ ತನ್ನೊಳಗೆ ಇಟ್ಟುಕೊಂಡಿರುವುದರಿಂದ, ಗೆರೆಯ ಬಗ್ಗೆ ಸ್ವತಃ ಶಾಸನಕ್ಕೇ ಪೂರ್ತಿ ನಂಬಿಕೆಯಿಲ್ಲವೆಂದು ಕಿಡಿಗೇಡಿಗಳು ವಾದಿಸುವ ಅಪಾಯವೂ ಇದೆ.

ಶಾಲೆಯ ಕೀರ್ತಿಯನ್ನು ಶಾಸನದ ಲೆಕ್ಕಕ್ಕೆ ಜಮಾ ಮಾಡುವಾಗಲೂ ಕೊಂಚ ಜಾಣ್ಮೆ ಅಗತ್ಯ. ಲಿಯಾನ್ ಕೂಪರ್, ಷೆಲ್ಡನ್ ಗ್ಲಾಷೊ, ಸ್ಟೀವನ್ ವೈನ್‌ಬರ್ಗ್, ಮೆಲ್ವಿನ್ ಶ್ವಾರ್ಟ್ಸ್, ರಸೆಲ್ ಹಲ್ಸ್, ಡೇವಿಡ್ ಪೊಲಿಟ್ಜರ್, ರಾಯ್ ಗ್ಲೌಬರ್ ಎಂಬ ಏಳು ಮಂದಿ ಭೌತಶಾಸ್ತ್ರದಲ್ಲಿ, ರಾಬರ್ಟ್ ಲೆಫ್ಕೊವಿಟ್ಸ್ ರಸಾಯನಶಾಸ್ತ್ರದಲ್ಲಿ, ಕ್ಲಾಡಿಯಾ ಗೋಲ್ಡಿನ್ ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದದ್ದು ನಿಜವಾದರೂ, ಈ ಒಂಬತ್ತೂ ಮಂದಿ 1971ಕ್ಕೆ ಮೊದಲೇ ಶಾಲೆ ಮುಗಿಸಿ ಹೊರಟುಹೋಗಿದ್ದರು. ಆಗಲೂ ಪ್ರವೇಶ ಪರೀಕ್ಷೆ ಇತ್ತು; ಆದರೆ ಅದರ ಹೊರತು ಬೇರಾವುದನ್ನೂ ನೋಡಕೂಡದೆಂಬ ಶಾಸನವಿರಲಿಲ್ಲ. ಇವರಲ್ಲಿ ಗ್ಲಾಷೊ ಮತ್ತು ವೈನ್‌ಬರ್ಗ್ 1950ರಲ್ಲಿ ಒಟ್ಟಿಗೆ ಶಾಲೆ ಮುಗಿಸಿ, 1979ರಲ್ಲಿ ಒಂದೇ ಬಹುಮಾನದಲ್ಲಿ ಪಾಲು ಪಡೆದರು. ಗ್ಲಾಷೊ ಮತ್ತು ಅವರ ಗೆಳೆಯರು ಪರಸ್ಪರ ಹುರಿದುಂಬಿಸಿಕೊಂಡು ಭೌತಶಾಸ್ತ್ರ ಕಲಿತದ್ದು ಸುರಂಗ ರೈಲಿನ ಪ್ರಯಾಣದಲ್ಲಾದ್ದರಿಂದ, ಆ ಕಲಿಕೆಗೆ ಯಾವ ಅಂಕವೂ ಬಿದ್ದಿರಲಾರದು.

ಪರೀಕ್ಷೆಯ ಸಮರ್ಥಕರ ಮಾತಿನಲ್ಲಿ ತೂಕವಿಲ್ಲವೆಂದಲ್ಲ. ವಶೀಲಿ, ಶಿಫಾರಸು ಮತ್ತು ಮನೆತನದ ಹೆಸರು ಇವು ಯಾವುದೂ ನಡೆಯದ ಬಾಗಿಲೊಂದು ವಲಸೆ ಬಂದ ಬಡ ಕುಟುಂಬಗಳಿಗೆ ಎಷ್ಟು ದೊಡ್ಡ ಆಸರೆಯೆಂಬುದನ್ನು ಅಲ್ಲಗಳೆಯಲಾಗದು. ಆದರೆ ವಶೀಲಿ ಹೊರಬಿದ್ದ ಜಾಗಕ್ಕೆ ಕೋಚಿಂಗ್ ತರಗತಿ ಬಂದು ಕುಳಿತಿದೆ. ಶಿಫಾರಸಿಗೆ ದೊಡ್ಡವರ ಪರಿಚಯ ಬೇಕಿತ್ತು; ಇದಕ್ಕೆ ಶುಲ್ಕ, ಬಿಡುವಿನ ವಾರಾಂತ್ಯಗಳು ಮತ್ತು ಇಂಥದೊಂದು ಪರೀಕ್ಷೆ ಇದೆಯೆಂದು ಸಕಾಲದಲ್ಲಿ ತಿಳಿಸುವ ನೆರೆಹೊರೆ ಇದ್ದರೆ ಸಾಕು. 2019ರಲ್ಲಿ ನಗರದ ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಕಪ್ಪು ಮತ್ತು ಹಿಸ್ಪಾನಿಕ್ ಸಮುದಾಯದವರು ಸುಮಾರು ಮೂರನೇ ಎರಡರಷ್ಟಿದ್ದರೂ, ಆ ವರ್ಷ ಬ್ರಾಂಕ್ಸ್ ವಿಜ್ಞಾನ ಶಾಲೆಗೆ ಪ್ರವೇಶದ ಅವಕಾಶ ಪಡೆದ ಕಪ್ಪು ಮಕ್ಕಳು ಕೇವಲ 12. ಪರೀಕ್ಷೆಯನ್ನು ಕೈಬಿಟ್ಟು ಪ್ರತಿ ಮಾಧ್ಯಮಿಕ ಶಾಲೆಯ ಮೇಲ್ಪಂಕ್ತಿಯ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂದು 2018ರಲ್ಲಿ ಮೇಯರ್ ಬಿಲ್ ಡಿ ಬ್ಲಾಸಿಯೊ ಮುಂದಿಟ್ಟ ಪ್ರಸ್ತಾಪ ಆಲ್ಬನಿಯಲ್ಲಿ ಅನುಮೋದನೆ ಪಡೆಯಲೇ ಇಲ್ಲ. ನಗರದ ಮೂರು ಶಾಲೆಗಳ ಪ್ರವೇಶ ನಿಯಮಕ್ಕೆ ರಾಜ್ಯದ ಶಾಸಕಾಂಗವೇ ಕಾವಲು ನಿಂತಿರುವುದರಿಂದ, ಅಂಥ ಅವಸರದ ಚಿಂತನೆಗೆ ಅವಕಾಶ ಸಿಗುವುದಿಲ್ಲ.

ಈ ಹಿನ್ನೆಲೆಯಲ್ಲಿ ಎರಡು ಸಲಹೆಗಳನ್ನು ಸಲ್ಲಿಸಲಾಗಿದೆ. ಒಂದನೆಯದಾಗಿ, ಮೂರು ಗಂಟೆಯ ಪರೀಕ್ಷೆಯಿಂದ ಯೋಗ್ಯತೆ ಪೂರ್ಣವಾಗಿ ತಿಳಿಯುವುದಾದರೆ, ಅದನ್ನು ಮೊದಲು ಶಾಸಕಾಂಗದ ಸದಸ್ಯತ್ವಕ್ಕೇ ಅನ್ವಯಿಸಿ, ಚುನಾವಣೆಯ ಖರ್ಚು ಉಳಿಸಬಹುದು. ವಿಜ್ಞಾನ ಶಾಲೆಯ ಮಾದರಿಯಂತೆ ಆ ಪ್ರಶ್ನೆಪತ್ರಿಕೆಯಲ್ಲಿಯೂ ಶಾಸನ ರಚನೆಯ ಪ್ರಶ್ನೆಗಳಿರಬೇಕಾಗಿಲ್ಲ. ಎರಡನೆಯದಾಗಿ, ಪ್ರವೇಶ ಪರೀಕ್ಷೆಗೂ ಪಠ್ಯಕ್ರಮಕ್ಕೂ ನಡುವೆ ಉಳಿದಿರುವ ವಿರೋಧಾಭಾಸವನ್ನು ಬೇಗ ನಿವಾರಿಸಬೇಕು. ಪುನರಾವರ್ತಿತ ಅಳತೆ, ದೋಷದ ಅಂದಾಜು ಮತ್ತು ಪುರಾವೆಯ ಮುಂದೆ ಅಭಿಪ್ರಾಯ ಬದಲಿಸುವ ಅಭ್ಯಾಸ ಇವುಗಳನ್ನು ಕಲಿತ ಮಕ್ಕಳು ಎಂದಾದರೊಂದು ದಿನ ತಮ್ಮ ವಿಜ್ಞಾನ ಯೋಜನೆಗೆ ಈ ಶಾಸನವನ್ನೇ ವಿಷಯವಾಗಿ ಆರಿಸಿಕೊಳ್ಳುವ ಸಾಧ್ಯತೆ ಇರುವುದರಿಂದ, ಶಾಸನವನ್ನು ತಿದ್ದಲು ಇಷ್ಟವಿಲ್ಲದಿದ್ದರೆ ಶಾಲೆಯೊಳಗೂ ವಿಜ್ಞಾನ ಕಲಿಸುವುದನ್ನು ನಿಲ್ಲಿಸುವುದೇ ಸುರಕ್ಷಿತ.

ಇಂತಿ,
ಶಾಸನದ ಅಭಿಮಾನಿ ವರ್ಗದ ಪರವಾಗಿ