ಚೊಚ್ಚಲ ತಂದೆ: ಲಕ್ಷಣ ಮತ್ತು ಲಗೇಜು

ಚೊಚ್ಚಲು ಎಂಬ ಮಾತು ಮೂಲತಃ ಹೆಣ್ಣಿನ ಮೊದಲ ಹೆರಿಗೆಗೂ ಆ ಹೆರಿಗೆಯಲ್ಲಿ ಹುಟ್ಟಿದ ಕೂಸಿಗೂ ಸಲ್ಲುವಂಥದು. ಆದರೆ ಬೆಂಗಳೂರಿನ ಜೆ.ಪಿ. ನಗರ, ವೈಟ್‌ಫೀಲ್ಡ್‌ಗಳ ಅಪಾರ್ಟ್‌ಮೆಂಟುಗಳಲ್ಲಿ ಭಾನುವಾರ ಬೆಳಗ್ಗೆ ಲಿಫ್ಟಿನ ಬಾಗಿಲನ್ನು ಮೊಣಕಾಲಿನಿಂದ ತಡೆದು, ಬೆನ್ನಿಗೊಂದು, ಹೆಗಲಿಗೊಂದು, ಮುಂಗೈಗೆರಡು ಚೀಲಗಳನ್ನು ತೂಗುಹಾಕಿಕೊಂಡು ನಿಂತಿರುವ ಮೂವತ್ತರ ಆಸುಪಾಸಿನ ಗಂಡಸನ್ನು ಕಂಡವರು, ಈ ವಿಶೇಷಣವನ್ನು ತಂದೆಗೂ ವಿಸ್ತರಿಸುವುದು ನ್ಯಾಯವೆಂದು ಒಪ್ಪುತ್ತಾರೆ. ತಾಯಿ ಒಂಬತ್ತು ತಿಂಗಳು ಹೊತ್ತಾದ ಮೇಲೆ ಹೊರುವ ಕೆಲಸವನ್ನು ತಡವಾಗಿ ವಹಿಸಿಕೊಂಡವನು ಈತನಾದ್ದರಿಂದ, ಹಳೆಯ ಬಾಕಿಯನ್ನು ಬಡ್ಡಿಸಮೇತ ತೀರಿಸುವವನ ಆತುರ ಇವನ ನಡಿಗೆಯಲ್ಲಿ ಎದ್ದು ಕಾಣುತ್ತದೆ.

ಈ ವರ್ಗದ ಪ್ರಧಾನ ಲಕ್ಷಣ ಲಗೇಜು. ಏಳು ಕಿಲೋ ತೂಗುವ ಎಂಟು ತಿಂಗಳ ಕೂಸನ್ನು ಎರಡು ಗಂಟೆಯ ಮಟ್ಟಿಗೆ ಲಾಲ್‌ಬಾಗಿಗೆ ಕರೆದೊಯ್ದು ತರಲು ಎಂಟು ಡೈಪರು, ಬಿಸಿನೀರಿನ ಫ್ಲಾಸ್ಕು, ತಣ್ಣೀರಿನ ಬಾಟಲಿ, ಇವೆರಡನ್ನೂ ಬೆರೆಸಿದ ಮೇಲೆ ಅದ್ದಿ ನೋಡಲು ಒಂದು ಥರ್ಮಾಮೀಟರು, ಮೂರು ಜೊತೆ ಕಾಲುಚೀಲ, ಸೊಳ್ಳೆಪರದೆ, ಡಬ್ಬಿ ತುಂಬ ರಾಗಿ ಸರಿ, ಚನ್ನಪಟ್ಟಣದ ಅರಗಿನ ಬಣ್ಣದ ಗಿಲಕಿ, ಆ ಗಿಲಕಿ ಬಿದ್ದು ಕಳೆದುಹೋದರೆ ಎಂದು ಇನ್ನೊಂದು ಗಿಲಕಿ, ಕೊನೆಗೆ ಕಿವಿ ಮುಚ್ಚುವಂತೆ ಗದ್ದದ ಕೆಳಗೆ ಕಟ್ಟುವ ಬಟ್ಟೆಯ ಟೋಪಿ, ಅಂದರೆ ಕುಲಾವಿ, ಎರಡು ಬೇಕಾಗುತ್ತವೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂಬ ಗಾದೆಯನ್ನು ಹಿರಿಯರು ಆತುರಗಾರರನ್ನು ಗೇಲಿ ಮಾಡಲು ಕಟ್ಟಿದ್ದರೂ, ಚೊಚ್ಚಲ ತಂದೆ ಅದನ್ನು ಅನುಭವಸ್ಥರ ಸಲಹೆಯೆಂದು ತಿಳಿದು ಏಳನೇ ತಿಂಗಳಲ್ಲೇ ಆನ್‌ಲೈನಿನಲ್ಲಿ ಆರು ಬಣ್ಣದ ಕುಲಾವಿಗಳನ್ನು ತರಿಸಿರುತ್ತಾನೆ. ಸೂಕ್ಷ್ಮವಾಗಿ ನೋಡಿದರೆ ಈ ಒಂದೊಂದು ಸಾಮಾನಿನ ಹಿಂದೆಯೂ ಒಂದೊಂದು ಭಯ ಕುಳಿತಿದೆ: ಕಾಲುಚೀಲದ ಹಿಂದೆ ನೆಗಡಿ, ಪರದೆಯ ಹಿಂದೆ ಡೆಂಗಿ, ಎರಡನೆಯ ಗಿಲಕಿಯ ಹಿಂದೆ ನಾಲ್ಕು ಜನರ ಎದುರು ಮಗು ಅತ್ತರೆ ಏನು ಗತಿ ಎಂಬ ಮಾನದ ಪ್ರಶ್ನೆ. ಹೀಗಾಗಿ ಲಗೇಜಿನ ತೂಕ ಕೂಸಿನ ತೂಕವನ್ನು ಅವಲಂಬಿಸದೆ ತಂದೆಯ ಕಲ್ಪನಾಶಕ್ತಿಯನ್ನು ಅವಲಂಬಿಸಿ ಏರುತ್ತದೆ.

ಈ ಸಿದ್ಧತೆಯ ನಡುವೆ ಮನೆಯ ಅಜ್ಜಿ ಬಂದು, ಕೂಸಿನ ಗಲ್ಲಕ್ಕೆ ದೃಷ್ಟಿಬೊಟ್ಟನ್ನು, ಅಂದರೆ ನೋಡುವವರ ಕಣ್ಣು ತಾಗದಿರಲೆಂದು ಇಡುವ ಕಾಡಿಗೆಯ ಚುಕ್ಕೆಯನ್ನು ಇಟ್ಟು, ತೊಳೆದು ತೊಳೆದು ಮೆತ್ತಗಾದ ತನ್ನದೊಂದು ಹಳೆಯ ಹತ್ತಿ ಸೀರೆಯನ್ನು ಚೀಲದ ಬಾಯಿಗೆ ತುರುಕುತ್ತಾಳೆ. ಅದು ಪಟ್ಟಿಯಲ್ಲಿ ಇಲ್ಲದ ವಸ್ತುವಾದ್ದರಿಂದ ಚೊಚ್ಚಲ ತಂದೆ ಅದನ್ನು ಮೆಲ್ಲಗೆ ಹೊರತೆಗೆಯುತ್ತಾನೆ. ಕೂಸಿನ ತಾಯಿ ಅದನ್ನು ಅಷ್ಟೇ ಮೆಲ್ಲಗೆ ಮತ್ತೆ ಒಳಗಿಡುತ್ತಾಳೆ.

ಪ್ರಯಾಣದಲ್ಲಿ ಚೊಚ್ಚಲ ತಂದೆಯಷ್ಟು ಕಾನೂನುಬದ್ಧನಾದ ಪ್ರಜೆ ಇನ್ನೊಬ್ಬನಿಲ್ಲ. ನಾಲ್ಕು ವರ್ಷದೊಳಗಿನ ಮಗುವನ್ನು ದ್ವಿಚಕ್ರ ವಾಹನದಲ್ಲಿ ಒಯ್ಯುವಾಗ ಸವಾರನಿಗೂ ಮಗುವಿಗೂ ಸೇರಿಸಿ ರಕ್ಷಾಪಟ್ಟಿ ಬಿಗಿದಿರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಕೂಡದು ಎಂದು ಕೇಂದ್ರ ಸರ್ಕಾರ 2022ರಲ್ಲಿ ಮಾಡಿದ ನಿಯಮವನ್ನು ಅವನು ಕಂಠಪಾಠ ಮಾಡಿದ್ದಾನೆ. ಮದುವೆಗೆ ಮುಂಚೆ ಬೈಕಿನಲ್ಲಿ ನಂದಿಬೆಟ್ಟವನ್ನು ಗಾಳಿಯಂತೆ ಏರುತ್ತಿದ್ದ ಇವನೇ ಈಗ ಸ್ಕೂಟರು ಬೇಡವೆಂದು ಕಾರು ಹಿಡಿದು, ಆ ಕಾರನ್ನೂ ಗಂಟೆಗೆ ಹದಿನೈದರಲ್ಲಿ ಓಡಿಸುವಾಗ, ಪಕ್ಕದಲ್ಲಿ ಸೊಪ್ಪಿನ ತಳ್ಳುಗಾಡಿ ಸಾವಕಾಶವಾಗಿ ಹಿಂದಿಕ್ಕಿ ಹೋಗುವುದುಂಟು.

ಲಾಲ್‌ಬಾಗನ್ನು ತಲುಪಿದ ಮೇಲೆ ಜ್ಞಾನಬೋಧೆ ಆರಂಭವಾಗುತ್ತದೆ. ಹೈದರಾಲಿ 1760ರ ಸುಮಾರಿಗೆ ಹಾಕಿಸಿದ ತೋಟ ಇದು, 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆ ಅದು, ಕೆಂಪೇಗೌಡರ ಗೋಪುರವನ್ನು ಹೊತ್ತ ಈ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎಂದು ತಂದೆ ಎಂಟು ತಿಂಗಳ ವಯಸ್ಸಿನ ಶ್ರೋತೃವಿಗೆ ವಿವರಿಸುತ್ತಿರುವಾಗ, ಶ್ರೋತೃವಿನ ಗಮನವೆಲ್ಲ ಅವನ ಅಂಗಿಯ ಎರಡನೆಯ ಗುಂಡಿಯ ಮೇಲಿರುತ್ತದೆ. ಗಾಜಿನ ಮನೆಯ ಮುಂದೆ ಫೋಟೋಕ್ಕೆ ನಿಲ್ಲುವ ಹೊತ್ತಿಗೆ ಕೂಸು ನಿದ್ದೆ ಹೋಗಿ, ಅದು ಎಚ್ಚರವಾದ ಮೇಲೆ ತೆಗೆಯೋಣವೆಂದು ಕಾದು ಕುಳಿತ ತಂದೆಯೂ ಕಲ್ಲುಬೆಂಚಿನ ಮೇಲೆ ನಿದ್ದೆ ಹೋಗಿ, ಅಂದಿನ ಒಂದೇ ಒಂದು ಸ್ಪಷ್ಟ ಚಿತ್ರವನ್ನು ತಾಯಿ ತೆಗೆದಿರುತ್ತಾಳೆ; ಅದರಲ್ಲಿ ಇಬ್ಬರ ಬಾಯಿಯೂ ಒಂದೇ ಅಳತೆಗೆ ತೆರೆದಿರುತ್ತದೆ.

ದೂರಪ್ರಯಾಣವೆಂದರೆ ಸಾಮಾನ್ಯವಾಗಿ ಮೈಸೂರು. ಐದು ವರ್ಷ ತುಂಬದ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ ಬೇಡ, ಆದರೆ ಪ್ರತ್ಯೇಕ ಆಸನವೂ ಇಲ್ಲ ಎಂಬುದು ಇಲಾಖೆಯ ನಿಯಮ. ಟಿಕೆಟಿಲ್ಲದ ಈ ಪ್ರಯಾಣಿಕ ಮದ್ದೂರು ಬರುವಷ್ಟರಲ್ಲಿ ಅಪ್ಪನ ಮಡಿಲು, ಅಮ್ಮನ ಹೆಗಲು, ಕಿಟಕಿಯ ಅಂಚು ಮತ್ತು ಎದುರು ಕುಳಿತ ಅಪರಿಚಿತರ ತೊಡೆಯನ್ನು ಒಂದಾದ ಮೇಲೊಂದು ವಶಪಡಿಸಿಕೊಂಡಿರುತ್ತಾನೆ. ಆರು, ಹತ್ತು ಮತ್ತು ಹದಿನಾಲ್ಕನೆಯ ವಾರದ ಲಸಿಕೆಗಳ ದಿನಾಂಕವನ್ನು ನಿದ್ದೆಗಣ್ಣಲ್ಲೂ ತಪ್ಪದೆ ಹೇಳಬಲ್ಲ ಚೊಚ್ಚಲ ತಂದೆಗೆ, 1892ರಲ್ಲಿ ಆರಂಭವಾದ ಮೈಸೂರಿನ ಮೃಗಾಲಯಕ್ಕೆ ಮಂಗಳವಾರ ವಾರದ ರಜೆಯೆಂಬುದು ಮಂಗಳವಾರ ಅದರ ಮುಚ್ಚಿದ ಗೇಟಿನ ಮುಂದೆ ನಿಂತಾಗ ತಿಳಿಯುತ್ತದೆ. ಬುಧವಾರ ಮರಳಿ ಬಂದು ಜಿರಾಫೆಯ ಮುಂದೆ ಎತ್ತಿ ಹಿಡಿದರೆ, ಕೂಸು ಆ ಅಷ್ಟೆತ್ತರದ ಪ್ರಾಣಿಯನ್ನು ಬಿಟ್ಟು ಬೇಲಿಯ ಮೇಲಿನ ಕಾಗೆಗೆ ಕೈಚಾಚಿ ಕೇಕೆ ಹಾಕುತ್ತದೆ. ಜೆ.ಪಿ. ನಗರದ ಬಾಲ್ಕನಿಗೆ ದಿನವೂ ಪುಕ್ಕಟೆ ಬರುವ ಪಕ್ಷಿ ಅದು.

ಶಾಸ್ತ್ರಕ್ಕೆ ಮುಖ್ಯವಾದ ಘಟನೆ ನಡೆಯುವುದು ಮರುಪ್ರಯಾಣದಲ್ಲಿ. ಮಂಡ್ಯ ದಾಟಿದೊಡನೆ ಕೂಸು ಅಳಲಾರಂಭಿಸುತ್ತದೆ. ಗಿಲಕಿಗಳೆರಡೂ ಸೋಲುತ್ತವೆ, ಥರ್ಮಾಮೀಟರಿಗೆ ಮಾಡಲು ಕೆಲಸವಿಲ್ಲ, ಎಂಟನೆಯ ಡೈಪರು ಏಳನೆಯದರ ದಾರಿ ಹಿಡಿದಿರುತ್ತದೆ. ಆಗ ತಾಯಿ ಚೀಲದ ತಳದಿಂದ ಅಜ್ಜಿಯ ಸೀರೆಯನ್ನು ಎಳೆದು, ಅದರ ಮರೆಯಲ್ಲಿ ಹಾಲೂಡಿಸಿ, ಅದರ ಸೆರಗಿನಲ್ಲೇ ಬಾಯಿ ಒರೆಸಿ, ಅದನ್ನೇ ನಾಲ್ಕು ಮಡಿಕೆ ಮಾಡಿ ಹಾಸಿ, ಉಳಿದ ತುದಿಯನ್ನು ಹೊದಿಸಿ ತಟ್ಟುತ್ತಾಳೆ. ತಿಂಗಳುಗಟ್ಟಲೆ ಅಜ್ಜಿಯ ಮಡಿಲಲ್ಲಿ ಮೂಸಿದ ವಾಸನೆ ಆ ಬಟ್ಟೆಯಲ್ಲಿ ಇರುವುದರಿಂದ, ಕೂಸು ಮನೆಗೆ ಬಂದೆನೆಂದು ತಿಳಿದು ರಾಮನಗರಕ್ಕೆ ಮುಂಚೆಯೇ ಮಲಗುತ್ತದೆ. ಪರದೆ, ಒರೆಸುಬಟ್ಟೆ, ಹಾಸಿಗೆ, ಹೊದಿಕೆ ಎಂಬ ನಾಲ್ಕು ಹೆಸರಿನಲ್ಲಿ ನಾಲ್ಕು ಕಡೆ ಹಣ ತೆತ್ತು ತಂದದ್ದೆಲ್ಲ ಮೇಲಿನ ಅಟ್ಟದ ಚೀಲಗಳಲ್ಲಿ ಸೀಲು ಒಡೆಯದೆ ಬೆಂಗಳೂರು ಸೇರುತ್ತದೆ.

ಈ ವರ್ಗದ ಆಯುಷ್ಯ ದೀರ್ಘವಲ್ಲ. ಎರಡನೆಯ ಕೂಸು ಬರುವಷ್ಟರಲ್ಲಿ ಇದೇ ತಂದೆ ಒಂದು ಡೈಪರನ್ನು ಪ್ಯಾಂಟಿನ ಜೇಬಿಗಿಳಿಸಿ ಊರೂರು ಸುತ್ತುತ್ತಾನೆ. ಅಷ್ಟರೊಳಗೆ ಅವನು ಕಾಣಬೇಕಾದ ಇನ್ನೊಂದು ಪ್ರಯಾಣ ಮನೆಯಲ್ಲೇ ಬಾಕಿಯಿರುತ್ತದೆ. ಅಂಬೆಗಾಲಿಡುವ ಕೂಸು ತಾನಾಗಿ ಹೊಸ್ತಿಲು ದಾಟಿದ ದಿನ ಸಿಹಿ ಮಾಡಿ ಹಂಚುವ ವಾಡಿಕೆ ಕನ್ನಡದ ಹಲವು ಮನೆಗಳಲ್ಲಿದೆ. ಬುಧವಾರದ ಒಂದು ಮಧ್ಯಾಹ್ನ, ತಂದೆ ಮುಂದಿನ ಪ್ರವಾಸದ ಪಟ್ಟಿ ಬರೆಯುತ್ತ ಕುಳಿತಿರುವಾಗ, ಕೂಸು ಅವನ ಬೆನ್ನ ಹಿಂದಿನಿಂದ ನಡುಮನೆಯ ಹೊಸ್ತಿಲನ್ನು ಏರಿ ಇಳಿದು ಅಡುಗೆಮನೆಯ ಬಕೆಟ್ಟಿನತ್ತ ಹೊರಟುಬಿಡುತ್ತದೆ; ಅದರ ಕಾಲಿನಲ್ಲಿ ಕಾಲುಚೀಲವೂ ಇರುವುದಿಲ್ಲ.